ಬೆಸುಗೆ ಮೇಜು: ಬಿಡಲೊಲ್ಲದ ರಿಲೇ

ಪ್ರಶ್ನೆ: ನಾನು ಗದಗಿನಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ಟ್ಯಾಂಕ್ ತುಂಬಿದ ಕೂಡಲೇ ಪಂಪ್ ತಾನೇ ಬಂದ್ ಆಗುವ ಪ್ರಾಜೆಕ್ಟ್ ನಮ್ಮದು. ಸರ್ಕ್ಯೂಟನ್ನು ಕಂಪ್ಯೂಟರಿನಲ್ಲೇ ಓಡಿಸಿ ನೋಡುವ ಎಲ್‌ಟಿಸ್ಪೈಸ್‌ನಲ್ಲಿ ನಮಗೆ ಬೇಕಾದ 12 ವೋಲ್ಟ್ ರಿಲೇ (ಕಾಯಿಲ್‌ಗೆ ಕರೆಂಟ್ ಕೊಟ್ಟರೆ ಕಾಂಟ್ಯಾಕ್ಟ್ ಕೂಡಿಸುವ ಸ್ವಿಚ್) ಸಿಗಲಿಲ್ಲ, ಹಾಗಾಗಿ ಸಬ್‌ಸರ್ಕ್ಯೂಟ್, ಅಂದರೆ ಬಿಡಿಭಾಗದ ಒಳಗಿನ ಸರ್ಕ್ಯೂಟಿನ ವಿವರ, ಬರೆದು ನಾನೇ ಮಾಡಿಕೊಂಡೆ. ಆದರೆ ಕಾಯಿಲ್‌ಗೆ ಸಪ್ಲೈ ಕೊಟ್ಟರೂ ಕೊಡದಿದ್ದರೂ ಕಾಂಟ್ಯಾಕ್ಟ್ ಕೂಡಿಕೊಂಡೇ ಇರುತ್ತದೆ. ಅಂಕಿಗಳನ್ನು ಡೇಟಾಶೀಟ್ ನೋಡಿಯೇ ಹಾಕಿದ್ದೇನೆ: ಆನ್ ಆದಾಗ 0.1 ಓಮ್, ಆಫ್ ಆದಾಗ 100ಎಂ. ಫೈಲ್ ಕಳಿಸಿದ್ದೇನೆ.

ಉತ್ತರ: ತಪ್ಪು ಇರುವುದು ಆ ಒಂದು 'ಎಂ'ನಲ್ಲಿ. ಎಲ್‌ಟಿಸ್ಪೈಸ್‌ಗೆ ಮೂಲವಾದ ಸ್ಪೈಸ್‌ಗೆ ಎಂ ಅಂದರೆ ಮಿಲಿ. ದೊಡ್ಡಕ್ಷರದಲ್ಲಿ ಬರೆದರೂ ಅಷ್ಟೇ, ಸಣ್ಣಕ್ಷರದಲ್ಲಿ ಬರೆದರೂ ಅಷ್ಟೇ. ಮೆಗಾ ಬೇಕಿದ್ದರೆ ಎಂ, ಇ, ಜಿ ಮೂರೂ ಅಕ್ಷರ ಬರೆಯಬೇಕು. ನೀವು 100 ಮೆಗಾಓಮ್ ಅಂದುಕೊಂಡು ಬರೆದಿರಿ, ಅದು 100 ಮಿಲಿಓಮ್ ಅಂತ ಓದಿಕೊಂಡಿತು. ಅಂದರೆ ಕೂಡಿದಾಗಲೂ 0.1 ಓಮ್, ಬಿಟ್ಟಾಗಲೂ 0.1 ಓಮ್. ಪಾಪ, ರಿಲೇ ತನ್ನ ಪಾಡಿಗೆ ಬಿಡುತ್ತಲೇ ಇದೆ, ನಿಮಗೆ ಕಾಣುತ್ತಿಲ್ಲ ಅಷ್ಟೇ.

ಇದು ಹಳೇ ಕಾಲದ ಬಳುವಳಿ. ಸ್ಪೈಸ್ ಹುಟ್ಟಿದ್ದು 1973ರಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ. ಬರೆದವರು ಲಾರೆನ್ಸ್ ನೇಗಲ್, ಅವರ ಗುರು ಡೊನಾಲ್ಡ್ ಪೆಡರ್ಸನ್. ಆಗ ಸರ್ಕ್ಯೂಟನ್ನು ತೂತು ಹೊಡೆದ ಕಾರ್ಡುಗಳಲ್ಲಿ ಕೊಡಬೇಕಿತ್ತು. ಅದರಲ್ಲಿ ಇದ್ದದ್ದು ದೊಡ್ಡಕ್ಷರ ಮಾತ್ರ. ಇರುವ ಒಂದು ಎಂ ಮಿಲಿಯ ಪಾಲಾಯಿತು.

ನಾಚಿಕೊಳ್ಳಬೇಡಿ. ಹುಬ್ಬಳ್ಳಿಯ ಒಂದು ಪಾಲಿಟೆಕ್ನಿಕ್ ಲ್ಯಾಬಿನಲ್ಲಿ 28 ವರ್ಷ ಇನ್‌ಸ್ಟ್ರಕ್ಟರ್ ಆಗಿದ್ದವನು ನಾನು. ಇದೇ ಎಂ ನನ್ನದೂ ಒಂದು ಇಡೀ ಮಧ್ಯಾಹ್ನ ತಿಂದಿತ್ತು. ಫೆಟ್ ಅನ್ನುವ ಬಗೆಯ ಟ್ರಾನ್ಸಿಸ್ಟರಿನ ಗೇಟಿನಿಂದ ಗ್ರೌಂಡಿಗೆ 1ಎಂ ರೆಸಿಸ್ಟರ್ ಹಾಕಿದ್ದೆ. ಸಿಗ್ನಲ್ಲೆಲ್ಲ ನೆಲಕ್ಕೆ ಇಳಿದುಹೋಗಿತ್ತು. 'ಮಾಡೆಲ್ಲೇ ಸರಿ ಇಲ್ಲ' ಅಂತ ಹುಡುಗರ ಮುಂದೆ ಗತ್ತಿನಿಂದ ಹೇಳಿಬಿಟ್ಟಿದ್ದೆ. ಸಂಜೆ ದುರ್ಗದಬೈಲಿನಲ್ಲಿ ಗಿರ್ಮಿಟ್ ತಿನ್ನುವಾಗ ಒಬ್ಬ ಹುಡುಗ ಮೆಲ್ಲಗೆ, 'ಸರ್, ಅದು ಮಿಲಿ ಅಲ್ರೀ?' ಅಂದ. ಅವತ್ತಿನ ಮಿರ್ಚಿಗಿಂತ ಆ ಮಾತೇ ಖಾರ ಇತ್ತು.

ನಿಮ್ಮ ಫೈಲ್‌ನಲ್ಲಿ ಇನ್ನೊಂದು ತಪ್ಪಿದೆ. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕಾಂಟ್ಯಾಕ್ಟ್ ಆಗಿ ಬಳಸಿದ ಸ್ವಿಚ್ಚಿಗೆ ಕಾಯಿಲ್‌ನ ಎರಡು ತುದಿಯ ವೋಲ್ಟೇಜನ್ನೇ ತೋರಿಸಿದ್ದೀರಿ. ನಿಜವಾದ ರಿಲೇ ವೋಲ್ಟೇಜಿಗೆ ಎಳೆಯುವುದಿಲ್ಲ, ಕರೆಂಟಿಗೆ ಎಳೆಯುತ್ತದೆ. ಕಾಯಿಲ್‌ಗೆ ಸಪ್ಲೈ ಕೊಡುವ ಟ್ರಾನ್ಸಿಸ್ಟರ್ ಆಫ್ ಆದ ಕ್ಷಣ ಕಾಯಿಲ್‌ನ ವೋಲ್ಟೇಜ್ ತಲೆಕೆಳಗಾಗುತ್ತದೆ, ಆದರೆ ಕಾಯಿಲ್‌ಗೆ ಅಡ್ಡಲಾಗಿರುವ ಡಯೋಡ್ ಮೂಲಕ ಕರೆಂಟ್ ಇನ್ನೂ ಸುತ್ತುತ್ತಲೇ ಇರುತ್ತದೆ. ಅಷ್ಟು ಹೊತ್ತು ರಿಲೇ ಹಿಡಿದುಕೊಂಡೇ ಇರುತ್ತದೆ.

ಹಾಗಾಗಿ ಕಾಯಿಲನ್ನು ಎರಡು ತುಂಡು ಮಾಡಿ: ಒಂದು ಇಂಡಕ್ಟರ್, ಅದರ ಬೆನ್ನಿಗೆ ಒಂದು ರೆಸಿಸ್ಟರ್. ನಿಮ್ಮ ರಿಲೇ 12 ವೋಲ್ಟಿಗೆ 30 ಮಿಲಿಆಂಪಿಯರ್ ತೆಗೆದುಕೊಳ್ಳುತ್ತದೆ, ಅಂದರೆ ರೆಸಿಸ್ಟರ್ 400 ಓಮ್. ಸ್ವಿಚ್ಚಿನ ಕಣ್ಣು ಈ ರೆಸಿಸ್ಟರ್ ಮೇಲೆ ಮಾತ್ರ ಇರಲಿ. ಅಲ್ಲಿನ ವೋಲ್ಟೇಜ್ ಅಂದರೆ ಕರೆಂಟೇ, 400 ಪಟ್ಟು.

ಇನ್ನು ಎಳೆಯುವುದು ಎಷ್ಟಕ್ಕೆ, ಬಿಡುವುದು ಎಷ್ಟಕ್ಕೆ? ಡೇಟಾಶೀಟಿನಲ್ಲಿ 12 ವೋಲ್ಟಿನ 75% ಮತ್ತು 10% ಅಂತ ಇದೆ. ಅಂದರೆ 9 ವೋಲ್ಟಿಗೆ ಎಳೆಯುತ್ತದೆ, 1.2 ವೋಲ್ಟಿಗೆ ಇಳಿದಾಗ ಬಿಡುತ್ತದೆ. ಸ್ವಿಚ್ ಮಾಡೆಲ್ ಇವೆರಡನ್ನು ನೇರವಾಗಿ ಕೇಳುವುದಿಲ್ಲ. ನಡುವಿನ ಅಂಕಿ ಕೇಳುತ್ತದೆ, ಅಲ್ಲಿಂದ ಆಚೆ ಈಚೆ ಎಷ್ಟು ಅಂತ ಕೇಳುತ್ತದೆ. ನಡುವಿನ ಅಂಕಿ ವಿಟಿ 5.1, ಆಚೆ ಈಚೆಯದು ವಿಎಚ್ 3.9 ಹಾಕಿ. ಕೂಡಿದರೆ 9, ಕಳೆದರೆ 1.2.

ಇಂಡಕ್ಟರ್ ಬೆಲೆಯನ್ನು ಡೇಟಾಶೀಟ್ ಹೇಳುವುದಿಲ್ಲ. ಅದನ್ನು ಅಳೆಯಲು ಕಾಲೇಜಿನ ಎಲ್‌ಸಿಆರ್ ಮೀಟರ್ ಕೇಳಿ ಪಡೆಯಿರಿ. ನನ್ನ ಮೇಜಿನ ಮೇಲಿದ್ದ ಇಂಥದ್ದೇ ರಿಲೇ 0.4 ಹೆನ್ರಿ ಹತ್ತಿರ ತೋರಿಸಿತು. ಅದನ್ನು ಹಾಕಿದರೆ, ಡಯೋಡ್ ಇರುವ ಸರ್ಕ್ಯೂಟಿನಲ್ಲಿ ಸಪ್ಲೈ ಹೋದ ಮೇಲೂ ಸುಮಾರು 2 ಮಿಲಿಸೆಕೆಂಡ್ ಹಿಡಿದುಕೊಳ್ಳುವುದು ಗ್ರಾಫಿನಲ್ಲಿ ಕಾಣುತ್ತದೆ. ಒಮ್ಮೆ ಡಯೋಡ್ ತೆಗೆದು ಓಡಿಸಿ ನೋಡಿ. ಟ್ರಾನ್ಸಿಸ್ಟರಿನ ಕಲೆಕ್ಟರ್ ಮೇಲೆ ಏಳುವ ವೋಲ್ಟೇಜಿನ ಮುಳ್ಳು ನೋಡಿದರೆ ಆಮೇಲೆ ಡಯೋಡ್ ಮರೆಯುವುದಿಲ್ಲ.

ನಾರ್ಮಲಿ ಕ್ಲೋಸ್ಡ್, ಅಂದರೆ ಸಪ್ಲೈ ಇಲ್ಲದಾಗ ಕೂಡಿರುವ ಕಾಂಟ್ಯಾಕ್ಟ್ ಬೇಕಿದ್ದರೆ ಇನ್ನೊಂದು ಸ್ವಿಚ್ ಸೇರಿಸಿ, ಆನ್ ಮತ್ತು ಆಫ್ ರೆಸಿಸ್ಟೆನ್ಸ್ ಅದಲುಬದಲು ಮಾಡಿ. ಸರ್ಕ್ಯೂಟ್ ಚಿತ್ರದಲ್ಲಿ ಇಡುವ ಸಿಂಬಲ್ ಕೈಯಿಂದ ಗೀಚುತ್ತಾ ಕೂರಬೇಡಿ. ಎಲ್‌ಟಿಸ್ಪೈಸ್‌ನಲ್ಲಿ ಫೈಲ್ ತೆರೆದು, ಸಬ್‌ಸರ್ಕ್ಯೂಟ್ ಶುರುವಾಗುವ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸಿಂಬಲ್ ಮಾಡಿಕೊಡಲೇ ಅಂತ ಅದೇ ಕೇಳುತ್ತದೆ.

ಪ್ರಶ್ನೆ: ನಿವೃತ್ತಿ ಆದ ಮೇಲೆ ಧಾರವಾಡದ ಮನೆಯಲ್ಲಿ ಹವ್ಯಾಸಕ್ಕೆ ಎಲೆಕ್ಟ್ರಾನಿಕ್ಸ್ ಹಿಡಿದಿದ್ದೇನೆ. ಸಿಗ್ನಲ್ ಹಿಗ್ಗಿಸುವ ಎಲ್‌ಎಂ 358 ಆಪ್‌ಆಂಪ್ ಐಸಿಯ ಮಾಡೆಲ್ ಇಳಿಸಿಕೊಂಡು ಸಿಂಬಲ್ ನಾನೇ ಬರೆದೆ. ಪಿನ್ ನಂಬರುಗಳನ್ನು ಐಸಿ ನೋಡಿ ಸರಿಯಾಗಿಯೇ ಕೊಟ್ಟಿದ್ದೇನೆ. ಆದರೂ ಔಟ್‌ಪುಟ್ ಅಲುಗಾಡುವುದೇ ಇಲ್ಲ.

ಉತ್ತರ: ಐಸಿ ನೋಡಿ ಕೊಟ್ಟಿದ್ದೇ ತೊಂದರೆ. ಮದುವೆ ಊಟದ ಪಂಕ್ತಿ ನೆನಪಿಸಿಕೊಳ್ಳಿ. ಬಡಿಸುವವನಿಗೆ ಯಾರ ಹೆಸರೂ ಬೇಕಿಲ್ಲ. ಮೊದಲ ಎಲೆ, ಎರಡನೇ ಎಲೆ, ಮೂರನೇ ಎಲೆ, ಅಷ್ಟೇ. ಸಿಮ್ಯುಲೇಟರ್ ಕೂಡ ಹಾಗೇ. ಸಬ್‌ಸರ್ಕ್ಯೂಟಿನ ಮೊದಲ ಸಾಲಿನಲ್ಲಿ ತಂತಿಗಳು ಯಾವ ಸಾಲಾಗಿ ಕೂತಿವೆಯೋ ಅದೇ ಸಾಲು ಸಿಂಬಲ್‌ನಲ್ಲೂ ಇರಬೇಕು. ಐಸಿಯಲ್ಲಿ 1ನೇ ಪಿನ್ ಔಟ್‌ಪುಟ್. ಆದರೆ ಆಪ್‌ಆಂಪ್ ಮಾಡೆಲ್‌ಗಳಲ್ಲಿ ಸಾಮಾನ್ಯವಾಗಿ ಮೊದಲು ಕೂರುವುದು ಪ್ಲಸ್ ಇನ್‌ಪುಟ್. ಅಂದರೆ ನೀವು ಔಟ್‌ಪುಟ್ ಎಂದು ಗ್ರಾಫ್ ತೆಗೆಯುತ್ತಿರುವುದು ಒಂದು ಇನ್‌ಪುಟ್ಟನ್ನು! ಮಾಡೆಲ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ನಕ್ಷತ್ರ ಚಿಹ್ನೆಯಿಂದ ಶುರುವಾಗುವ ಟಿಪ್ಪಣಿ ಸಾಲುಗಳಲ್ಲಿ ಯಾವುದು ಯಾವುದು ಅಂತ ಸಾಮಾನ್ಯವಾಗಿ ಬರೆದಿರುತ್ತಾರೆ. ಆ ಕ್ರಮವನ್ನು ಸಿಂಬಲ್‌ನ ಸ್ಪೈಸ್ ಆರ್ಡರ್ ಅನ್ನುವ ಜಾಗದಲ್ಲಿ ತುಂಬಿ.

ಪ್ರಶ್ನೆ: ಬ್ಯಾಡಗಿ ಹತ್ತಿರ ನಮ್ಮದು ಮೆಣಸಿನಕಾಯಿ ಹೊಲ. ಬೆನ್ನಿಗೆ ಹಾಕುವ ಬ್ಯಾಟರಿ ಸ್ಪ್ರೇಯರ್‌ಗೆ 12 ವೋಲ್ಟಿನ ಲಿಥಿಯಂ ಪ್ಯಾಕ್ ನಾನೇ ಕಟ್ಟಿದೆ, ಕರೆಂಟ್ ಮಿತಿ ಮೀರಿದರೆ ಕಡಿದುಹಾಕುವ 5 ಆಂಪಿಯರಿನ ಪ್ರೊಟೆಕ್ಷನ್ ಬೋರ್ಡ್ ಹಾಕಿ. ಮೋಟಾರ್ ತೆಗೆದುಕೊಳ್ಳುವುದು 2.5 ಆಂಪಿಯರ್. ಮೋಟಾರನ್ನು 4.8 ಓಮ್ ರೆಸಿಸ್ಟರ್ ಎಂದು ಹಾಕಿ ಸಿಮ್ಯುಲೇಷನ್ ಮಾಡಿದೆ, ಎಲ್ಲ ಸರಿ ಬಂತು. ಹೊಲದಲ್ಲಿ ಟ್ರಿಗರ್ ಒತ್ತಿದರೆ ಬೋರ್ಡ್ ಟ್ರಿಪ್.

ಉತ್ತರ: ನಿಮ್ಮ ರೆಸಿಸ್ಟರ್ ಸುಳ್ಳು ಹೇಳಿದೆ. ಓಡುತ್ತಿರುವ ಮೋಟಾರ್ ತಾನೇ ಒಂದು ಡೈನಮೊ, ಬ್ಯಾಟರಿಗೆ ಎದುರಾಗಿ ವೋಲ್ಟೇಜ್ ಹುಟ್ಟಿಸುತ್ತದೆ. ಅದಕ್ಕೇ ಕರೆಂಟ್ 2.5ಕ್ಕೆ ನಿಲ್ಲುತ್ತದೆ. ನಿಂತಿರುವಾಗ ಆ ಎದುರು ವೋಲ್ಟೇಜ್ ಇಲ್ಲ. ಮೋಟಾರ್ ಬಿಚ್ಚಿ ಶಾಫ್ಟನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಓಮ್ ಅಳೆಯಿರಿ. 1.5 ಬಂತು ಅನ್ನಿ, ಶುರುವಿನ ಕರೆಂಟ್ 8 ಆಂಪಿಯರ್. ಸಾಲದ್ದಕ್ಕೆ ಸ್ಪ್ರೇಯರ್‌ನಲ್ಲಿ ಪ್ರೆಶರ್ ಸ್ವಿಚ್ ಇರುತ್ತದೆ. ಟ್ರಿಗರ್ ಬಿಟ್ಟಾಗ ಮೋಟಾರ್ ನಿಲ್ಲುತ್ತದೆ, ಒತ್ತಿದಾಗ ಮತ್ತೆ ಮೊದಲಿನಿಂದ ಶುರು.

ಮೋಟಾರನ್ನೇ ಒಂದು ಬಿಡಿಭಾಗವಾಗಿ ಮಾಡಿಕೊಳ್ಳಿ, ಇದು ನನಗೆ ಬಹಳ ಇಷ್ಟದ ಕೆಲಸ. ಒಂದು ಕಡೆ 1.5 ಓಮ್, ಅದರ ಸಾಲಿಗೆ ಒಂದು ಎದುರು ವೋಲ್ಟೇಜ್ ಸೋರ್ಸ್. ಇನ್ನೊಂದು ಕಡೆ ಒಂದು ಕೆಪಾಸಿಟರ್, ಅದೇ ತಿರುಗುವ ರೋಟರ್. ಕೆಪಾಸಿಟರಿನ ವೋಲ್ಟೇಜ್ ಅಂದರೆ ವೇಗ, ಸೆಕೆಂಡಿಗೆ ಇಷ್ಟು ರೇಡಿಯನ್. ಮೋಟಾರಿನ ಕರೆಂಟನ್ನು 'ಕೆ' ಅನ್ನುವ ಅಂಕಿಯಿಂದ ಗುಣಿಸಿ ಕೆಪಾಸಿಟರಿಗೆ ತುಂಬಿ. ವೇಗವನ್ನು ಅದೇ ಕೆಯಿಂದ ಗುಣಿಸಿದರೆ ಎದುರು ವೋಲ್ಟೇಜ್. ಪಂಪಿನ ಭಾರಕ್ಕೆ ಕೆಪಾಸಿಟರಿನ ಅಡ್ಡಲಾಗಿ ಒಂದು ರೆಸಿಸ್ಟರ್.

ಕೆ ಎಲ್ಲಿ ಸಿಗುತ್ತದೆ? ಹ್ಯಾಂಡ್ ಡ್ರಿಲ್‌ನಲ್ಲಿ. ಡ್ರಿಲ್ ಬಾಯಿಗೆ ಮೋಟಾರಿನ ಶಾಫ್ಟ್ ಕೊಟ್ಟು ತಿರುಗಿಸಿ, ತಂತಿಗಳಿಗೆ ಮೀಟರ್ ಹಚ್ಚಿ. ಡ್ರಿಲ್ ನಿಮಿಷಕ್ಕೆ 3000 ಸುತ್ತಿನದಾಗಿದ್ದರೆ ಅದು 314 ರೇಡಿಯನ್. ಮೀಟರ್ 11 ವೋಲ್ಟ್ ತೋರಿಸಿದರೆ ಕೆ ಅಂದರೆ 0.035. ಆಗ ಪಂಪಿನ ರೆಸಿಸ್ಟರ್ 2.7 ಕಿಲೋಓಮ್ ಹಾಕಿದರೆ ಕರೆಂಟ್ ನಿಮ್ಮ 2.5ಕ್ಕೆ ಬಂದು ನಿಲ್ಲುತ್ತದೆ. ಕೆಪಾಸಿಟರ್ 20 ಮೈಕ್ರೊದಿಂದ ಶುರು ಮಾಡಿ. ಗ್ರಾಫಿನಲ್ಲಿ ಕರೆಂಟ್ 8ಕ್ಕೆ ಜಿಗಿದು, 10 ಮಿಲಿಸೆಕೆಂಡಿಗೂ ಜಾಸ್ತಿ ಹೊತ್ತು 5ರ ಮೇಲೇ ಇರುತ್ತದೆ. ಬೋರ್ಡಿಗೆ ಅಷ್ಟು ಸಾಕು. 15 ಆಂಪಿಯರಿನದು ಹಾಕಿ, ನಿಮ್ಮ ಸೆಲ್ಲುಗಳು ಅಷ್ಟು ಕೊಡಬಲ್ಲವೇ ಅಂತ ಮೊದಲು ನೋಡಿಕೊಂಡು.

ಹಾಂ, ಡ್ರಿಲ್ ಚಾಲೂ ಮಾಡುವ ಮೊದಲು ಮೋಟಾರನ್ನು ವೈಸ್‌ಗೆ ಬಿಗಿಯಿರಿ. ಕೈಯಲ್ಲಿ ಹಿಡಿದು ಮಾಡಲು ಹೋಗಿ ನನ್ನ ಎಡಗೈ ಹೆಬ್ಬೆರಳಿನ ಉಗುರು ಎರಡು ತಿಂಗಳು ಕಪ್ಪಗಿತ್ತು.