ನಿಲ್ದಾಣಕ್ಕೆ ಬಾರದವರ ಮಾತು

ಪತ್ರ: ‘ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆಯಿಂದ ಅವರ ಬದುಕಿನಲ್ಲಿ ಏನು ಬದಲಾಗಿದೆ ಎಂಬುದು ನನ್ನ ಪಿಎಚ್‌.ಡಿ. ವಿಷಯ. ಸರ್ಕಾರಿ ಬಸ್ ನಿಲ್ದಾಣದಲ್ಲಿ 300 ಮಂದಿಯಿಂದ ಪ್ರಶ್ನಾವಳಿ ತುಂಬಿಸಿ, ಅವರಲ್ಲಿ 15 ಮಂದಿಯನ್ನು ಚೀಟಿ ಎತ್ತಿ ಆರಿಸಿ ವಿವರವಾಗಿ ಮಾತನಾಡಿಸಬೇಕೆಂದಿದ್ದೇನೆ. ಹಳ್ಳಿಯ ಕಡೆ ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆಯೊಬ್ಬರು ಹೆಂಗಸರನ್ನು ಸೇರಿಸಿಕೊಡುತ್ತಾರಂತೆ. 15 ಸಾಕೇ? ಅನ್ನಕ್ಕೆ ಒಂದಗುಳು ಸಾಲದೇ?’
– ಓದುಗರೊಬ್ಬರು, ಕುಂದಾಪುರ

ಸಂಪಾದಕರ ಉತ್ತರ:

ಒಂದೇ ಪಾತ್ರೆಯಲ್ಲಿ, ಒಂದೇ ಉರಿಯಲ್ಲಿ ಬೆಂದ ಅನ್ನಕ್ಕೆ ಒಂದಗುಳು ಸಾಕು. ನಿಮ್ಮ ತಾಲ್ಲೂಕಿನ ಹೆಂಗಸರು ಒಂದೇ ಪಾತ್ರೆಯಲ್ಲಿಲ್ಲ.

ನನ್ನ ಚಿಂತೆ 15ರದ್ದಲ್ಲ, ನಿಲ್ದಾಣದ್ದು. 2023ರ ಜೂನ್ 11ರಂದು ಶುರುವಾದ ಯೋಜನೆ ಸರ್ಕಾರಿ ಬಸ್ಸುಗಳಿಗಷ್ಟೇ ಅನ್ವಯಿಸುತ್ತದೆ. ಕರಾವಳಿಯ ಎಷ್ಟೋ ಊರುಗಳಿಗೆ ಖಾಸಗಿ ಬಸ್ಸೇ ಗತಿ ಎಂದು ನಿಮಗೆ ನಾನು ಹೇಳಬೇಕಿಲ್ಲ. ದಿನವೂ ಕಂಡಕ್ಟರನಿಗೆ ದುಡ್ಡು ಕೊಟ್ಟು ಗೇರುಬೀಜದ ಕಾರ್ಖಾನೆಗೆ ಹೋಗುವವಳು ನಿಮ್ಮ 300ರಲ್ಲೇ ಇಲ್ಲದ ಮೇಲೆ ಚೀಟಿಯಲ್ಲಿ ಅವಳ ಹೆಸರು ಬರುವುದೆಲ್ಲಿಂದ?

ನಮ್ಮ ಕಸುಬಿನವರೇ ಹೀಗೆ ಮುಗ್ಗರಿಸಿದ್ದುಂಟು. 1936ರ ಅಧ್ಯಕ್ಷೀಯ ಚುನಾವಣೆಗೆ ಮುನ್ನ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಮಂದಿಗೆ ಅಣಕು ಮತಪತ್ರ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ವಿಳಾಸಗಳು ಬಹುಪಾಲು ಟೆಲಿಫೋನ್ ಮತ್ತು ಕಾರು ಇದ್ದವರವು, ಎಂದರೆ ಉಳ್ಳವರವು. ಅಧ್ಯಕ್ಷ ರೂಸ್‌ವೆಲ್ಟ್ ಸೋತು ಎದುರಾಳಿ ಲ್ಯಾಂಡನ್ ಗೆಲ್ಲುತ್ತಾರೆಂದಿತು ಪತ್ರಿಕೆ. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು.

ಆದ್ದರಿಂದ 300 ಮಂದಿಯನ್ನು ಊರೂರಿನ ಮತದಾರರ ಪಟ್ಟಿಯಿಂದ ಆರಿಸಿ. ಚೀಟಿ ಎತ್ತುವುದು ಅಲ್ಲಿಗೆ ಸರಿ. ಆ 15ಕ್ಕೆ ಮಾತ್ರ ಬೇಡ. ಅಂಕಿಗಳು ಹೇಳಲಾರದ್ದನ್ನು ತಿಳಿಯಲೆಂದಲ್ಲವೇ ಕುಳಿತು ಮಾತನಾಡುವುದು? ತುಂಬಿದ ಪ್ರಶ್ನಾವಳಿಗಳನ್ನು ಹರಡಿಕೊಂಡು, ಎಲ್ಲಿ ತಲೆ ಕೆರೆದುಕೊಳ್ಳುವಂತಾಗುತ್ತದೋ ಅವರ ಮನೆಗೆ ಹೋಗಿ. ಮನೆಯೆದುರೇ ಸರ್ಕಾರಿ ಬಸ್ ನಿಂತರೂ ಹತ್ತದವಳು ಯಾಕೆ ಹತ್ತುತ್ತಿಲ್ಲ? ಉಳಿದ ಬಸ್ ಖರ್ಚು ಯಾರ ಕೈ ಸೇರುತ್ತಿದೆ? ಹೀಗೆ ಬೇಕೆಂದೇ ಆರಿಸಿಕೊಳ್ಳುವುದಕ್ಕೆ ಉದ್ದೇಶಪೂರ್ವಕ ಆಯ್ಕೆ ಎನ್ನುತ್ತಾರೆ. ಪಕ್ಷಪಾತವೆಂದು ಯಾರಾದರೂ ಮೂಗು ಮುರಿದರೆ, ಯಾರನ್ನು ಯಾಕೆ ಆರಿಸಿದಿರೆಂದು ಪ್ರಬಂಧದಲ್ಲಿ ಬರೆದುಬಿಡಿ.

ಎಷ್ಟು ಮಂದಿ? ಹೊಸ ಮಾತು ಹುಟ್ಟದಂತಾದಾಗ ನಿಲ್ಲಿಸಬಹುದು. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಘಾನಾ, ನೈಜೀರಿಯಾಗಳ 60 ಮಹಿಳೆಯರ ಸಂದರ್ಶನಗಳನ್ನು ಪರಿಶೀಲಿಸಿದಾಗ ಮುಖ್ಯ ಸಂಗತಿಗಳೆಲ್ಲ ಬಹುಪಾಲು ಮೊದಲ 12ರಲ್ಲೇ ಸಿಕ್ಕಿದ್ದವು. ಅದನ್ನು ನೋಡಿ 12ಕ್ಕೇ ಕೈತೊಳೆದುಕೊಳ್ಳುವವರಿದ್ದಾರೆ. ಆ ಮಹಿಳೆಯರು ಬಹುಮಟ್ಟಿಗೆ ಒಂದೇ ಬಗೆಯ ಬದುಕಿನವರು ಎಂಬುದನ್ನು ಮರೆಯುತ್ತಾರೆ.

ಇನ್ನು ಅಧ್ಯಕ್ಷೆಯವರ ವಿಷಯ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ, ತಾವು ರಾಂಪುರ ಎಂದು ಕರೆದ ಹಳ್ಳಿಗೆ ಹೋದಾಗ ಉಳಿದುಕೊಂಡದ್ದು ಊರಗೌಡರ ಆಶ್ರಯದಲ್ಲಿ. ತಮ್ಮ ಕಣ್ಣಿಗೆ ಬಿದ್ದದ್ದು ಮೇಲುಜಾತಿಯವರ ಕಡೆಯಿಂದ ಕಾಣುವ ಹಳ್ಳಿ ಎಂದು ಮುಂದೆ ಅವರೇ ಒಪ್ಪಿಕೊಂಡರು. ಬಾಗಿಲು ತೆರೆದವರ ಕಣ್ಣಿನಿಂದಲೇ ಮನೆ ನೋಡುವ ಕಷ್ಟ ಅಂಥ ದೊಡ್ಡವರಿಗೂ ತಪ್ಪಲಿಲ್ಲ. ಅಧ್ಯಕ್ಷೆಯವರು ಸೇರಿಸಿಕೊಡುವುದು ಸಂಘದ ಕಂತನ್ನು ತಪ್ಪದೆ ಕಟ್ಟುವವರನ್ನು, ಸಭೆಗೆ ಬರುವವರನ್ನು, ಹೊರಗಿನವರೆದುರು ಚೆನ್ನಾಗಿ ಮಾತಾಡುವವರನ್ನು. ಅವರ ಮನೆಯ ಕಾಫಿ ಕುಡಿಯಿರಿ, ಪಟ್ಟಿಯನ್ನು ಮಾತ್ರ ಅಲ್ಲಿಗೇ ಮುಗಿಸಬೇಡಿ. ಸಂಘ ಬಿಟ್ಟವರು ಯಾರೆಂದು ಕೇಳಿಕೊಂಡು ಬನ್ನಿ. ಒಂದು ಸಂಜೆ ಕಾರ್ಖಾನೆ ಬಿಡುವ ಹೊತ್ತಿಗೆ ಖಾಸಗಿ ಬಸ್ಸನ್ನೂ ಹತ್ತಿ. ಟಿಕೆಟ್ಟಿಗೆ ಚಿಲ್ಲರೆ ಇಟ್ಟುಕೊಂಡಿರಿ.