42 ಕೆ.ಜಿ. ಕಯಾಕನ್ನು ಮರಳಿನ ಮೇಲೆ ಒಬ್ಬರೇ ಎಳೆಯೋದಕ್ಕೆ ಎಂಥ ಗಾಡಿ ಬೇಕು?

ನೀವು ಕೇಳಿದ್ದು ಇಷ್ಟು ಅಲ್ವಾ: ಇಬ್ಬರು ಕೂರುವ ಗಟ್ಟಿ ಪ್ಲಾಸ್ಟಿಕ್ಕಿನ ಕಯಾಕ್ (ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿ) ತಗೊಂಡಿದ್ದೀರಿ, ತೂಕ 42 ಕೆ.ಜಿ., ಮನೆಯಿಂದ ಕಡಲಿಗೆ ಸುಮಾರು 400 ಮೀಟರ್ ದಾರಿ, ಅದರಲ್ಲಿ ಕೊನೆಯ 100 ಮೀಟರ್ ಬರೀ ಮರಳು, ಹೆಚ್ಚಿನ ದಿನ ಎಳೆಯುವವರು ನೀವೊಬ್ಬರೇ. ಆನ್‌ಲೈನಿನಲ್ಲಿ ನೋಡಿದ ಟ್ರಾಲಿಗಳಲ್ಲೆಲ್ಲಾ 75 ಕೆ.ಜಿ. ಹೊರುತ್ತದೆ ಅಂತ ಬರೆದಿದೆ, ಯಾವುದನ್ನು ನಂಬಲಿ ಅಂತ ನಿಮ್ಮ ಪ್ರಶ್ನೆ.

ನಾನು ಕುಂದಾಪುರದ ಕಡೆಯವನು. ಸಾಲಿಗ್ರಾಮದ ಹತ್ತಿರ ಸೀತಾ ಹೊಳೆಯ ಹಿನ್ನೀರಿನಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಹುಟ್ಟು ಹಾಕುವುದನ್ನು ಕಲಿತೆ. ಅಲ್ಲಿ ಕಯಾಕ್ ನೀರಿನ ಅಂಚಿನಲ್ಲೇ ಇರುತ್ತಿತ್ತು, ಹತ್ತಿ ಕೂತರೆ ಆಯ್ತು. ಸ್ವಂತದ್ದು ತಗೊಂಡ ಮೇಲೆ ಗೊತ್ತಾಯಿತು, ನೀರಿನ ಮೇಲೆ ಅದಕ್ಕೆ ತೂಕವೇ ಇಲ್ಲ, ತೂಕವೆಲ್ಲಾ ದಡದಲ್ಲಿ. ಐದು ವರ್ಷದಿಂದ ಎಳೆಯುತ್ತಿದ್ದೇನೆ, ಈಗಿರುವುದು ಮೂರನೇ ಗಾಡಿ. ಮೊದಲೆರಡು ಯಾಕೆ ಹೋದವು ಅಂತ ಹೇಳಿದರೆ ನಿಮಗೆ ಉಪಯೋಗ ಆಗಬಹುದು.

ಮೊದಲು ಆ 75ರ ಲೆಕ್ಕ ಬಿಡಿ. ನಿಮ್ಮ ಕಯಾಕ್ 42 ಕೆ.ಜಿ. ಇರಬಹುದು, ಆದರೆ ಗಾಡಿ ಹೊರುವುದು ಅದನ್ನು ಮಾತ್ರ ಅಲ್ಲ. ಎರಡು ಹುಟ್ಟು, ಎರಡು ಲೈಫ್ ಜಾಕೆಟ್, ಸೀಟು, ಲಂಗರು, ಕುಡಿಯುವ ನೀರಿನ ಕ್ಯಾನು, ಗಾಳ ಹಾಕುವವರಾದರೆ ಐಸ್ ತುಂಬಿದ ಬಾಕ್ಸ್, ಎಲ್ಲಾ ಅದರೊಳಗೇ ಹಾಕಿಕೊಂಡು ಹೋಗುತ್ತೀರಿ. 55–60 ಕೆ.ಜಿ. ಆರಾಮಾಗಿ ಆಗುತ್ತದೆ. ಇನ್ನೊಂದು ವಿಷಯ, ನಿಂತ ಗಾಡಿ ಹೊರುವ ಭಾರ ಬೇರೆ, ಓಡುವ ಗಾಡಿ ತಿನ್ನುವ ಪೆಟ್ಟು ಬೇರೆ. ಕಾಂಕ್ರೀಟ್ ರಸ್ತೆಯ ಅಂಚಿನಿಂದ ಒಂದು ಚಕ್ರ ಕೆಳಗೆ ಬಿದ್ದಾಗ ಪೂರ್ತಿ ಭಾರ ಆ ಒಂದೇ ಚಕ್ರದ ಮೇಲೆ, ಅದೂ ಧಡ್ ಅಂತ ಬೀಳುತ್ತದೆ. ಅದಕ್ಕೇ ನಿಮ್ಮ ಒಟ್ಟು ತೂಕದ ಎರಡರಷ್ಟು, ಅಂದರೆ 120 ಕೆ.ಜಿ. ಹೊರುತ್ತದೆ ಅಂತ ಹೇಳುವ ಗಾಡಿಯನ್ನೇ ನೋಡಿ. ಅದಾದ ಮೇಲೂ ಕಣ್ಣು ಹೋಗಬೇಕಾದದ್ದು ಅಚ್ಚಿನ ಕಡೆಗೆ.

ನನ್ನ ಮೊದಲ ಗಾಡಿ ಹೋದದ್ದು ಅಚ್ಚಿನಿಂದಲೇ. ಅದರ ಮೇಲೂ 75 ಅಂತಲೇ ಬರೆದಿತ್ತು. ಎರಡೇ ತಿಂಗಳು. ಒಂದು ಬೆಳಿಗ್ಗೆ ಗೇಟು ದಾಟಿಸಿ ಮುರಕಲ್ಲಿನ ಜಲ್ಲಿ ಹಾಕಿದ ದಾರಿಗೆ ಇಳಿಸಿದೆ, ಎಡಗಡೆ ಏನೋ ಉಜ್ಜುವ ಸದ್ದು. ಬಗ್ಗಿ ನೋಡಿದರೆ ಚಕ್ರ ಒಳಕ್ಕೆ ವಾಲಿ ಚೌಕಟ್ಟಿಗೆ ತಾಗುತ್ತಿತ್ತು. ಚಕ್ರ ಬಿಚ್ಚಿದೆ. ಅಚ್ಚು ಅಂತ ಇದ್ದದ್ದು 12 ಎಂ.ಎಂ. ಸರಳು, ಚೌಕಟ್ಟಿನಿಂದ ಹೊರಗೆ ಬರುವ ಜಾಗದಲ್ಲೇ ಬಾಳೆಕಾಯಿಯ ಹಾಗೆ ಬಾಗಿತ್ತು. ಅದನ್ನು ಬಡಿದು ನೆಟ್ಟಗೆ ಮಾಡಿದೆ, ವಾರದಲ್ಲಿ ಮತ್ತೆ ಬಾಗಿತು. ಒಮ್ಮೆ ಬಾಗಿದ ಸರಳು ಅದೇ ಜಾಗದಲ್ಲಿ ಮತ್ತೆ ಬಾಗುತ್ತದೆ.

ಆದ್ದರಿಂದ ಅಚ್ಚಿನ ದಪ್ಪ ಕೇಳಿ. ಬರೆದಿಲ್ಲ ಅಂದರೆ ಮಾರುವವರಿಗೆ ಮೆಸೇಜ್ ಹಾಕಿ ಕೇಳಿ, ಉತ್ತರ ಬರದಿದ್ದರೆ ಆ ಗಾಡಿ ಬೇಡ. ಗುಂಡು ಸರಳಿನ ಬಲ ದಪ್ಪದ ಜೊತೆ ಸುಮ್ನೆ ಅಷ್ಟಷ್ಟೇ ಏರುವುದಿಲ್ಲ, ದಪ್ಪದ ಘನದ ಲೆಕ್ಕದಲ್ಲಿ (ದಪ್ಪ × ದಪ್ಪ × ದಪ್ಪ) ಏರುತ್ತದೆ. 12 ಎಂ.ಎಂ. ಬದಲು 16 ಎಂ.ಎಂ. ಹಾಕಿದರೆ ಬಲ ಎರಡು ಪಟ್ಟಿಗಿಂತ ಜಾಸ್ತಿ, 20 ಹಾಕಿದರೆ ನಾಲ್ಕೂವರೆ ಪಟ್ಟು. ನಿಮ್ಮ ತೂಕಕ್ಕೆ 16 ಕಡಿಮೆ ಪಕ್ಷ, 20 ಆದರೆ ನೆಮ್ಮದಿ. ಒಂದೇ ಉದ್ದನೆಯ ಸರಳು ಈ ಚಕ್ರದಿಂದ ಆ ಚಕ್ರದವರೆಗೆ ಹೋಗಿದ್ದರೆ ಒಳ್ಳೆಯದು. ಚಕ್ರ ಚೌಕಟ್ಟಿಗೆ ಎಷ್ಟು ಹತ್ತಿರ ಇರುತ್ತದೋ ಅಚ್ಚಿಗೆ ಅಷ್ಟು ಹಗುರ.

ಚಕ್ರ ಕಳಚದ ಹಾಗೆ ಹಾಕುವ ಪಿನ್ನು ನೋಡಲು ಚಿಕ್ಕದು. ಎತ್ತಿನ ಗಾಡಿಯಲ್ಲಿ ಕಡಾಣಿ ಇದ್ದ ಹಾಗೆ, ಅದು ಬಿದ್ದರೆ ಚಕ್ರವೂ ಬಿತ್ತು. ಮರಳಿನಲ್ಲಿ ಬಿದ್ದ ಪಿನ್ನು ಸಿಗುವುದಿಲ್ಲ. ಎರಡೂ ಪಿನ್ನಿಗೆ ನೈಲಾನ್ ದಾರ ಕಟ್ಟಿ ಚೌಕಟ್ಟಿಗೆ ಗಂಟು ಹಾಕಿ, ಎರಡು ಪಿನ್ನು ಜಾಸ್ತಿ ತಗೊಂಡು ಬ್ಯಾಗಿನಲ್ಲಿಡಿ.

ಇನ್ನು ಚಕ್ರ. ನಿಮ್ಮ ದಾರಿಗೆ ಇದೇ ದೊಡ್ಡ ವಿಷಯ, ಆದ್ದರಿಂದ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ನನ್ನ ಎರಡನೇ ಗಾಡಿಗೆ ಹತ್ತು ಇಂಚಿನ ಗಾಳಿ ತುಂಬುವ ರಬ್ಬರ್ ಚಕ್ರ ಇತ್ತು. ರಸ್ತೆಯಲ್ಲಿ, ಮಣ್ಣುದಾರಿಯಲ್ಲಿ, ಹೊಳೆಬದಿಯಲ್ಲಿ ಬಹಳ ಚೆನ್ನಾಗಿ ಓಡುತ್ತಿತ್ತು. ಒಣ ಮರಳಿಗೆ ಬಂದ ಕೂಡಲೇ ನಿಲ್ಲುತ್ತಿತ್ತು. ಚಕ್ರ ತಿರುಗುವುದೇ ಇಲ್ಲ, ನೇಗಿಲಿನ ಹಾಗೆ ಮರಳನ್ನು ಸೀಳಿಕೊಂಡು ಬರುತ್ತದೆ, ಎಳೆಯುವವರ ಸೊಂಟ ಹೋಗುತ್ತದೆ. ಗಾಡಿ ಇಲ್ಲದೆ ಬರೀ ಕಯಾಕನ್ನೇ ಎಳೆದರೆ ಇದಕ್ಕಿಂತ ಸುಲಭ ಅನ್ನಿಸಿದ ದಿನಗಳಿವೆ. ಆದರೆ ಹಾಗೆ ಎಳೆದರೆ ಚಿಪ್ಪು, ಕಲ್ಲು ತಾಗಿ ಕಯಾಕಿನ ತಳ ಸವೆಯುತ್ತದೆ, ಅದನ್ನು ಅಭ್ಯಾಸ ಮಾಡಬೇಡಿ.

ಒಣ ಮರಳಿಗೆ ಬೇಕಾದದ್ದು ಬಲೂನ್ ಚಕ್ರ. ಮೆತ್ತಗಿರುತ್ತದೆ, ಸುಮಾರು 30 ಸೆಂ.ಮೀ. ಎತ್ತರ, ಅಂಗೈಗಿಂತ ಅಗಲ. ಒಳಗೆ ಗಾಳಿ 2ರಿಂದ 4 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಅಷ್ಟೇ. ಕಾರಿನ ಟೈರಿಗೆ ನಾವು ಹಾಕುವುದು 30ರ ಸುಮಾರು, ಅದಕ್ಕೆ ಹೋಲಿಸಿ ನೋಡಿ. ಗಾಳಿ ಕಡಿಮೆ ಇದ್ದರೆ ಚಕ್ರ ನೆಲಕ್ಕೆ ಒರಗಿ ಅಗಲವಾಗುತ್ತದೆ, ಭಾರ ಹಂಚಿಹೋಗುತ್ತದೆ. 3 ಪಿಎಸ್ಐ ಗಾಳಿಯಲ್ಲಿ 60 ಕೆ.ಜಿ. ಹೊತ್ತರೆ ಎರಡೂ ಚಕ್ರ ಸೇರಿ ಸುಮಾರು 280 ಚದರ ಸೆಂ.ಮೀ. ನೆಲಕ್ಕೆ ತಾಗಿರುತ್ತದೆ. ನಾವು ನಡೆಯುವಾಗ ಒಂದು ಪಾದದ ಮೇಲೆ ಮೈಭಾರವೆಲ್ಲಾ ಬೀಳುತ್ತದಲ್ಲ, ಅದಕ್ಕಿಂತ ಕಡಿಮೆ ಒತ್ತಡ ಇದು. ನಿಮ್ಮ ಕಾಲು ಹೂತುಹೋಗುವಷ್ಟು ಕೂಡ ಈ ಚಕ್ರ ಹೂಳುವುದಿಲ್ಲ. ಮೊದಲ ಸಲ ಎಳೆದ ದಿನ ನಾನು ಎರಡು ಸಲ ಹಿಂದೆ ತಿರುಗಿ ನೋಡಿದೆ, ಕಯಾಕ್ ಬರುತ್ತಿದೆಯೋ ಇಲ್ಲವೋ ಅಂತ.

ಆಟೋ ರಿಕ್ಷಾದ ಹಳೇ ಟೈರ್ ಹಾಕಿಸಿದರೆ ಆಗಲ್ವಾ ಅಂತ ನಮ್ಮೂರಿನಲ್ಲೂ ಕೇಳುತ್ತಾರೆ. ಅಗಲವೇನೋ ಇದೆ. ಆದರೆ ಅದು ಹಲವು ಪಟ್ಟು ಹೆಚ್ಚು ಭಾರ ಹೊರಲು ಮಾಡಿದ ಟೈರು, ಗಾಳಿ ಬಿಟ್ಟರೂ ನಿಮ್ಮ 60 ಕೆ.ಜಿ.ಗೆ ಅದು ಮೆತ್ತಗಾಗಿ ಒರಗುವುದೇ ಇಲ್ಲ. ಮೇಲಿಂದ ರಿಮ್ಮಿನ ಭಾರ ಬೇರೆ. ಬೇಡ.

ಬಲೂನ್ ಚಕ್ರಕ್ಕೂ ಕಷ್ಟಗಳಿವೆ. ಬೆಲೆ ಜಾಸ್ತಿ, ಚೌಕಟ್ಟಿಗಿಂತ ಚಕ್ರಕ್ಕೇ ಹೆಚ್ಚು ದುಡ್ಡು ಹೋಗುತ್ತದೆ. ಒರಟು ರಸ್ತೆಯಲ್ಲಿ ದಿನಾ ಎಳೆದರೆ ಸವೆಯುತ್ತದೆ, ನಿಮ್ಮ 300 ಮೀಟರ್ ರಸ್ತೆ ಪರವಾಗಿಲ್ಲ, ಆದರೆ ಎರಡು ಮೂರು ಕಿ.ಮೀ. ಇದ್ದಿದ್ದರೆ ನಾನು ಬೇರೆ ಹೇಳುತ್ತಿದ್ದೆ. ಪೆಟ್ರೋಲ್ ಬಂಕಿನ ಗಾಳಿ ಹಿಡಿಸಲೇಬೇಡಿ, ಕ್ಷಣದಲ್ಲಿ ಒಡೆಯುತ್ತದೆ, ಕೈಪಂಪಿನಲ್ಲೇ ತುಂಬಿ. ಏಪ್ರಿಲ್ ಮೇ ಬಿಸಿಲಿನಲ್ಲಿ ಬಿಟ್ಟು ಹೋಗುವುದಾದರೆ ಸ್ವಲ್ಪ ಗಾಳಿ ಇಳಿಸಿ. ಮತ್ತೆ, ಯಾವ ಚಕ್ರವಾದರೂ ಸರಿ, ಗಾಡಿಯನ್ನು ಸ್ಕೂಟರಿಗೆ ಕಟ್ಟಿ ಎಳೆಯಬೇಡಿ. ಇವು ನಡಿಗೆಯ ವೇಗಕ್ಕೆ ಮಾಡಿದವು, ಚಕ್ರದ ತೂತಿನೊಳಗೆ ಅಚ್ಚಿನ ಸುತ್ತ ಇರುವ ಪ್ಲಾಸ್ಟಿಕ್ ಕೊಳವೆ, ಅಂದರೆ ಬುಶ್, ಬಿಸಿಯಾಗಿ ಕರಗುತ್ತದೆ.

ಅಲೆ ಬಂದು ಹೋದ ಒದ್ದೆ ಮರಳು ಗಟ್ಟಿ, ಅಲ್ಲಿ ಯಾವ ಚಕ್ರವೂ ಓಡುತ್ತದೆ. ಕಷ್ಟ ಇರುವುದು ಅದರ ಮೇಲಿನ ಒಣ ಮರಳಿನಲ್ಲಿ ಮಾತ್ರ. ನಿಮ್ಮ 100 ಮೀಟರಿನಲ್ಲಿ ಒಣ ಭಾಗ ಎಷ್ಟು ಅಂತ ಒಮ್ಮೆ ಹೆಜ್ಜೆ ಹಾಕಿ ಅಳೆಯಿರಿ. 10–15 ಮೀಟರ್ ಮಾತ್ರ ಆದರೆ, ಆ ಚೂರಿಗೆ ಯಾರನ್ನಾದರೂ ಕೈ ಹಿಡಿಸಲು ಕರೆದು, ಅಗ್ಗದ ರಬ್ಬರ್ ಚಕ್ರದಲ್ಲೇ ಸಾಗಿಸಬಹುದು.

ಗಾಡಿಯ ಜಾತಿ ಬಗ್ಗೆ. ಕಯಾಕಿನ ತಳದಲ್ಲಿ ನೀರು ಇಳಿದುಹೋಗಲು ತೂತುಗಳಿವೆ ನೋಡಿ, ಆ ತೂತಿಗೆ ಎರಡು ಕಂಬ ತೂರಿಸಿ ನಿಲ್ಲಿಸುವ ಗಾಡಿ ಒಂದು ಜಾತಿ. ಕೆಳಗೆ ಎರಡು ಮೆತ್ತೆ ಹಾಕಿದ ಹಲಗೆಯ ಮೇಲೆ ತೊಟ್ಟಿಲಿನ ಹಾಗೆ ಕೂರಿಸಿ ಪಟ್ಟಿ ಬಿಗಿಯುವುದು ಇನ್ನೊಂದು. ತೂತಿನದು ಹಾಕಲು ಸುಲಭ, ಪಟ್ಟಿಯ ಕೆಲಸವೇ ಇಲ್ಲ. ಆದರೂ ನಿಮ್ಮ ತೂಕಕ್ಕೆ ನಾನು ಹೇಳುವುದು ತೊಟ್ಟಿಲಿನದೇ. ತೂತಿನ ಗಾಡಿಯಲ್ಲಿ ಪೂರ್ತಿ ಭಾರ ಆ ಎರಡು ತೂತಿನ ಅಂಚಿನ ಮೇಲೆ ಕೂರುತ್ತದೆ, ಪ್ಲಾಸ್ಟಿಕ್ ತೆಳುವಾಗಿರುವುದೂ ಹೆಚ್ಚಾಗಿ ಅಲ್ಲೇ. ನನ್ನ ಗೆಳೆಯನ ಕಯಾಕಿನಲ್ಲಿ ಹಾಗೇ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು, ಹೊರಗೆ ಕಾಣುತ್ತಿರಲಿಲ್ಲ. ಪ್ರತಿ ಸಲ ಹೋಗಿ ಬಂದಾಗಲೂ ಒಳಗೆ ಎರಡು ಮೂರು ಚೊಂಬು ನೀರು. ಎಲ್ಲಿಂದ ಅಂತ ಹುಡುಕಲು ಒಂದು ತಿಂಗಳು ಹಿಡಿಯಿತು. ನಿಮ್ಮ ಕಯಾಕ್ ಮಾಡಿದವರೇ ಆ ತೂತಿಗೆ ಅಂತ ಗಾಡಿ ಮಾರುತ್ತಿದ್ದರೆ ಅದು ಬೇರೆ ಮಾತು, ಅವರು ಅಲ್ಲಿ ಗಟ್ಟಿ ಮಾಡಿರುತ್ತಾರೆ. ಆಗಲೂ ಸಾಮಾನು ಇಳಿಸಿಯೇ ಎಳೆಯಿರಿ.

ಗಾಡಿಯನ್ನು ಕಯಾಕಿನ ಯಾವ ಜಾಗಕ್ಕೆ ಕಟ್ಟುತ್ತೀರಿ ಅನ್ನುವುದು ಗಾಡಿಯಷ್ಟೇ ಮುಖ್ಯ. ಎತ್ತಿನ ಗಾಡಿಗೆ ಹುಲ್ಲು ಹೇರಿದವರಿಗೆ ಇದು ಗೊತ್ತಿರುತ್ತದೆ, ಹಿಂಭಾರ ಆದರೆ ನೊಗ ಮೇಲೇಳುತ್ತದೆ, ಮುಂಭಾರ ಆದರೆ ಎತ್ತಿನ ಕುತ್ತಿಗೆಗೆ ಪೆಟ್ಟು. ಇಲ್ಲಿ ಎತ್ತಿನ ಜಾಗದಲ್ಲಿ ನೀವು. ಸಾಮಾನು ಸಮೇತ ಕಯಾಕ್ ತೂಗುವ ನಡುಜಾಗ ಹುಡುಕಿ, ಅಲ್ಲಿಂದ ಒಂದು ಗೇಣು ಹಿಂದಕ್ಕೆ ಅಚ್ಚು ಬರಲಿ. 55 ಕೆ.ಜಿ. ಇದ್ದರೂ ಮೂತಿಯ ಹಿಡಿಕೆಯಲ್ಲಿ ನಿಮ್ಮ ಕೈಗೆ ಬರುವುದು ಸುಮಾರು ಆರು ಕೆ.ಜಿ. ಮಾತ್ರ. ಒಂದು ಮೊಳ ಹಿಂದೆ ಕಟ್ಟಿದರೆ ಹತ್ತು ದಾಟುತ್ತದೆ. ಸರಿಯಾದ ಜಾಗ ಸಿಕ್ಕ ದಿನ ಕಯಾಕಿನ ಬದಿಗೆ ಬಣ್ಣದ ಟೇಪಿನ ಗುರುತು ಹಾಕಿಬಿಡಿ.

ಒಬ್ಬರೇ ಹೇರುವುದು ಹೇಗೆ ಅಂತ ನೀವು ಕೇಳಿಲ್ಲ, ಆದರೆ ಕೇಳುತ್ತೀರಿ. ಎತ್ತಬೇಡಿ. ಕಯಾಕನ್ನು ಮಗ್ಗುಲಿಗೆ ಮಲಗಿಸಿ, ಗಾಡಿಯನ್ನೂ ಮಲಗಿಸಿ ಅದರ ತಳಕ್ಕೆ ಆನಿಸಿ, ಪಟ್ಟಿ ಬಿಗಿದು, ಆಮೇಲೆ ಎರಡನ್ನೂ ಒಟ್ಟಿಗೆ ಎಬ್ಬಿಸಿ ನಿಲ್ಲಿಸಿ. ಸಾಮಾನು ತುಂಬುವುದು ನಿಂತ ಮೇಲೆ. ಪಟ್ಟಿ ಸಾದಾ ಬಕಲಿನದು ಸಾಕು. ಲಾರಿಗೆ ಬಿಗಿಯುವ ರ‍್ಯಾಚೆಟ್ ಬೆಲ್ಟ್ ಬೇಡ, ಬಿಸಿಲಿಗೆ ಮೆತ್ತಗಾದ ಪ್ಲಾಸ್ಟಿಕ್ಕನ್ನು ಅದು ಒಳಕ್ಕೆ ಒತ್ತಿಬಿಡುತ್ತದೆ. ಸುತ್ತ ಹಾಕುವ ಎರಡು ಪಟ್ಟಿಯ ಜೊತೆಗೆ ಗಾಡಿಯಿಂದ ಮೂತಿಯ ಹಿಡಿಕೆಗೆ ಒಂದು ಹಗ್ಗ ಬಿಗಿಯಿರಿ. ಚಕ್ರ ಕಲ್ಲಿಗೆ ತಡೆದಾಗ ಗಾಡಿ ಹಿಂದಕ್ಕೆ ಜಾರದ ಹಾಗೆ ಅದು ಹಿಡಿದುಕೊಳ್ಳುತ್ತದೆ.

ಉಪ್ಪುನೀರಿನ ಮಾತು ಬಿಟ್ಟರೆ ಆಗುವುದಿಲ್ಲ. ನನ್ನ ಎರಡನೇ ಗಾಡಿ ಸತ್ತದ್ದು ಅದರಿಂದಲೇ. ಅಲ್ಯೂಮಿನಿಯಂ ಪೈಪು, ಸ್ಟೀಲಿನ ಬೋಲ್ಟು. ಎರಡೂ ತಾಗಿದ ಜಾಗದಲ್ಲಿ ಉಪ್ಪುನೀರು ನಿಂತು ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತಾ ಹೋಯಿತು. ಮಳೆಗಾಲ ಮುಗಿಸಿ ತೆಗೆದರೆ ಬೋಲ್ಟು ಕಚ್ಚಿಕೊಂಡು ಕೂತಿತ್ತು, ತಿರುಗಿಸಲು ಹೋದಾಗ ಪೈಪೇ ಹರಿಯಿತು. ಚಕ್ರದ ಒಳಗೆ ಸಾಮಾನ್ಯ ಬಾಲ್ ಬೇರಿಂಗ್ ಇದ್ದರೆ ಅದೂ ತುಕ್ಕು ಹಿಡಿಯುತ್ತದೆ, ಪ್ಲಾಸ್ಟಿಕ್ ಬುಶ್ ಇರುವುದೇ ವಾಸಿ. ಏನೇ ಇದ್ದರೂ ಮನೆಗೆ ಬಂದ ಕೂಡಲೇ ಬಾವಿನೀರು ಹೊಯ್ದು ತೊಳೆಯಿರಿ. ಕಯಾಕ್ ಆಮೇಲೆ ತೊಳೆದರೂ ನಡೆಯುತ್ತದೆ, ಗಾಡಿ ಮೊದಲು.

ಈಗಿನ ಮೂರನೇ ಗಾಡಿ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದು. ಬಲೂನ್ ಚಕ್ರ ಮಾತ್ರ ಆನ್‌ಲೈನಿನಲ್ಲಿ ತರಿಸಿದೆ, ಚೌಕಟ್ಟು ಮತ್ತು 20 ಎಂ.ಎಂ. ಅಚ್ಚು 316 ಅನ್ನುವ ಜಾತಿಯ ಸ್ಟೇನ್‌ಲೆಸ್ ಸ್ಟೀಲು. 304 ಅಗ್ಗ, ಆದರೆ ಕಡಲ ಗಾಳಿಗೆ ಕಂದು ಕಲೆ ಬೀಳುತ್ತದೆ. ಚಕ್ರ ಮೊದಲು ಕೈಗೆ ಬರಲಿ, ಅದರ ತೂತು ಅಳೆದ ಮೇಲೆಯೇ ಅಚ್ಚು ಮಾಡಿಸಿ. ಹಲಗೆಯ ಮೇಲೆ ಹಳೇ ಯೋಗ ಮ್ಯಾಟ್ ಕತ್ತರಿಸಿ ಸುತ್ತಿದ್ದೇನೆ. ಮೂರು ವರ್ಷ ಆಯಿತು, ಒಂದು ಪಟ್ಟಿ ಬದಲಾಯಿಸಿದ್ದು ಬಿಟ್ಟರೆ ಏನೂ ಆಗಿಲ್ಲ. ನೀರಿಗೆ ಇಳಿದ ಮೇಲೆ ಗಾಡಿಯನ್ನು ದಡದ ಮೇಲಿನ ಮನೆಯ ಅಮ್ಮನ ತೆಂಗಿನ ಮರಕ್ಕೆ ಒರಗಿಸಿ ಹೋಗುತ್ತೇನೆ. ಅವರು ಒಣಮೀನು ಕಾಯುತ್ತಾ ಅದನ್ನೂ ಕಾಯುತ್ತಾರೆ. ನಿಮ್ಮಲ್ಲಿ ಅಂಥವರು ಇಲ್ಲದಿದ್ದರೆ ಚಕ್ರ ಬಿಚ್ಚಿ ಕಯಾಕಿನ ಹಿಂದೆ ಕಟ್ಟಿಕೊಳ್ಳುವಂಥ ಗಾಡಿಯೇ ಬೇಕಾಗುತ್ತದೆ.

ಎರಡು ಚಕ್ರದ ನಡುವೆ ಅಗಲ ಜಾಸ್ತಿ ಇದ್ದಷ್ಟೂ ಗಾಡಿ ಮಗುಚುವುದಿಲ್ಲ, ಆದರೆ ಗೇಟಿನಲ್ಲಿ ತೂರಬೇಕಲ್ವಾ. ನಿಮ್ಮ ಗೇಟಿನ ಅಗಲ, ಕಯಾಕಿನ ಅಗಲ, ಒಣ ಮರಳು ಎಷ್ಟು ಹೆಜ್ಜೆ, ಈ ಮೂರು ಅಳತೆ ಇಲ್ಲೇ ಬರೆಯಿರಿ. ವೆಲ್ಡಿಂಗ್ ಅಂಗಡಿಗೆ ಕೊಡುವ ಹಾಗೆ ಒಂದು ಚಿತ್ರ ಬರೆದು ಕಳಿಸುತ್ತೇನೆ.