ಧ್ರುವ ಸಾಗರಗಳಲ್ಲಿ ಪ್ಲವಕಗಳ ಸುಗ್ಗಿ ಎಲ್ಲಿ, ಯಾವಾಗ?

ಪ್ರಶ್ನೆ: ಧ್ರುವ ಪ್ರದೇಶದ ಸಮುದ್ರಗಳಲ್ಲಿ ಪ್ಲವಕಗಳು ಹೇರಳವಾಗಿವೆ ಎಂದು ಓದಿದ್ದೇನೆ. ಅಂಟಾರ್ಕ್ಟಿಕಾದ ಸುತ್ತಲಿನ ಸಾಗರದ ಬಹುಭಾಗದಲ್ಲಿ ಅವು ವಿರಳ ಎಂದೂ ಮತ್ತೊಂದೆಡೆ ಓದಿದೆ. ಎರಡೂ ನಿಜವಾಗುವುದು ಹೇಗೆ?
– ಓದುಗರೊಬ್ಬರು, ಕಾರವಾರ

ಉತ್ತರ: ಎರಡೂ ನಿಜ. ಪ್ಲವಕಗಳೆಂದರೆ ನೀರಿನೊಡನೆ ತೇಲಾಡುವ, ಬಹುಪಾಲು ಸೂಕ್ಷ್ಮವಾದ ಜೀವಿಗಳು. ಬೆಳಕಿನಿಂದ ಆಹಾರ ತಯಾರಿಸಿಕೊಳ್ಳುವವು ಸಸ್ಯಪ್ಲವಕಗಳು, ತೇಲುವ ಪ್ರಾಣಿಗಳು ಪ್ರಾಣಿಪ್ಲವಕಗಳು. ಪ್ರಾಣಿಪ್ಲವಕಗಳು ಸಸ್ಯಪ್ಲವಕಗಳನ್ನು ತಿಂದು ಬದುಕುವುದರಿಂದ ಮೊದಲು ಸಸ್ಯಪ್ಲವಕಗಳ ಲೆಕ್ಕ ನೋಡಬೇಕು. ತಣ್ಣನೆಯ ನೀರು ಅವುಗಳ ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆ, ಆದರೆ ಮುಖ್ಯ ಅಡ್ಡಿ ಅದಲ್ಲ. ಬೆಳಕೂ ಪೋಷಕಾಂಶಗಳೂ ಒಂದೇ ಜಾಗದಲ್ಲಿ, ಒಂದೇ ಕಾಲಕ್ಕೆ ಒದಗಬೇಕು. ಚಳಿಗಾಲದ ಬಿರುಗಾಳಿಗಳು ನೀರನ್ನು ಆಳದವರೆಗೆ ಕಲಕಿ ನೈಟ್ರೇಟ್, ಫಾಸ್ಫೇಟ್‌ಗಳನ್ನು ಮೇಲಕ್ಕೆ ತರುತ್ತವೆ, ಆಗ ಬೆಳಕಿರುವುದಿಲ್ಲ. ವಸಂತದಲ್ಲಿ ಮಂಜುಗಡ್ಡೆ ಕರಗಿದಾಗ ಉಪ್ಪು ಕಡಿಮೆಯಿರುವ ಹಗುರವಾದ ನೀರು ಮೇಲೆ ಪದರವಾಗಿ ನಿಂತು, ಸಸ್ಯಪ್ಲವಕಗಳು ಕತ್ತಲಿನ ಆಳಕ್ಕೆ ಇಳಿದುಹೋಗದಂತೆ ತಡೆಯುತ್ತದೆ. ಹಿಮದ ಅಂಚಿನುದ್ದಕ್ಕೂ ಅವು ಭರದಿಂದ ಹೆಚ್ಚುವುದು ಆಗಲೇ.

ಆದರೆ ಈ ಹಗುರ ನೀರಿನ ಪದರ ಕೆಳಗಿನ ನೀರಿನೊಡನೆ ಬೆರೆಯದೆ ತೀರಾ ಸ್ಥಿರವಾಗಿ ನಿಂತರೆ ಕೆಳಗಿನ ಪೋಷಕಾಂಶಗಳು ಮೇಲೆ ಬರಲಾರವು. ನದಿಗಳ ಸಿಹಿನೀರು ಅಪಾರವಾಗಿ ಬಂದು ಸೇರುವ ಆರ್ಕ್ಟಿಕ್ ಸಾಗರದ ತೊಡಕು ಇದೇ. ಪೆಸಿಫಿಕ್‌ನ ಪೋಷಕಾಂಶಭರಿತ ನೀರು ಬೇರಿಂಗ್ ಜಲಸಂಧಿಯ ಮೂಲಕ ಹರಿದುಬರುವ ಚುಕ್ಚಿ ಸಮುದ್ರ ಇದಕ್ಕೊಂದು ಅಪವಾದ, ಅದು ಸಮೃದ್ಧ. ಅಲ್ಲಿ 2011ರಲ್ಲಿ ಸುಮಾರು ಒಂದು ಮೀಟರ್ ದಪ್ಪದ ಮಂಜುಗಡ್ಡೆಯ ಅಡಿಯಲ್ಲೇ ಸಸ್ಯಪ್ಲವಕಗಳು ದಟ್ಟವಾಗಿ ಬೆಳೆದಿರುವುದು ಪತ್ತೆಯಾಯಿತು. ಗಡ್ಡೆಯ ಮೇಲೆ ನಿಂತ ಕರಗುನೀರಿನ ಹೊಂಡಗಳು ಬೆಳಕನ್ನು ಒಳಕ್ಕೆ ಬಿಟ್ಟಿದ್ದವು.

ದಕ್ಷಿಣದ ಕಥೆ ಬೇರೆ, ನಿಮ್ಮ ಪ್ರಶ್ನೆಯ ತಿರುಳೂ ಅಲ್ಲೇ ಇದೆ. ಅಲ್ಲಿ ಪಶ್ಚಿಮ ಮಾರುತಗಳ ದೆಸೆಯಿಂದ ಆಳದ ನೀರು ಮೇಲೇಳುತ್ತಲೇ ಇರುವುದರಿಂದ ನೈಟ್ರೇಟ್‌ಗೆ ಬರವಿಲ್ಲ, ಬೇಸಿಗೆಯಲ್ಲಿ ಬೆಳಕೂ ಇದೆ. ಕೊರತೆ, ಸಸ್ಯಪ್ಲವಕಗಳಿಗೆ ಅಲ್ಪ ಪ್ರಮಾಣದಲ್ಲಾದರೂ ಬೇಕೇಬೇಕಾದ ಕಬ್ಬಿಣದ್ದು. ನೆಲದಿಂದ ದೂರವಿರುವ ಆ ಸಾಗರಕ್ಕೆ ಗಾಳಿ ಹೊತ್ತುತರುವ ಧೂಳು ತೀರ ಅಲ್ಪ. ಕರ್ಗ್ವೆಲೆನ್, ಸೌತ್ ಜಾರ್ಜಿಯಾಗಳಂಥ ದ್ವೀಪಗಳ ಸುತ್ತ ಕಡಲತಳದಿಂದ ಕಬ್ಬಿಣ ಒದಗುವುದರಿಂದ ಅಲ್ಲಿನ ನೀರು ಹಸಿರಾಗುತ್ತದೆ. ಅವುಗಳಿಂದ ದೂರ ಹೋದರೆ ಬರಡು.

ಇದನ್ನು ಪರೀಕ್ಷಿಸಿದವರಲ್ಲಿ ನಮ್ಮವರೂ ಇದ್ದಾರೆ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯೂ ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆಯೂ ಸೇರಿ 2009ರಲ್ಲಿ, 'ಲೋಹಾಫೆಕ್ಸ್' ಎಂಬ ಪ್ರಯೋಗದಲ್ಲಿ, ಆ ದಕ್ಷಿಣದ ಸಾಗರದ ಸುಮಾರು 300 ಚದರ ಕಿಲೋಮೀಟರ್ ಭಾಗಕ್ಕೆ ಕಬ್ಬಿಣದ ಲವಣವನ್ನು ಬೆರೆಸಿದವು. ಸಸ್ಯಪ್ಲವಕಗಳು ಹೆಚ್ಚಿದವು. ಆದರೆ ಸಸ್ಯಪ್ಲವಕಗಳಲ್ಲೇ ಒಂದು ಬಗೆಯಾದ ಡಯಾಟಮ್‌ಗಳು ತಮ್ಮ ಚಿಪ್ಪು ಕಟ್ಟಿಕೊಳ್ಳಲು ಬೇಕಾದ ಸಿಲಿಕ ಆ ನೀರಿನಲ್ಲಿ ಮೊದಲೇ ಮುಗಿದಿದ್ದರಿಂದ ಅವು ಬೆಳೆಯಲಿಲ್ಲ. ಬೆಳೆದ ಮೃದು ಜೀವಿಗಳನ್ನು ಕೋಪಿಪಾಡ್‌ಗಳೆಂಬ ಸೀಗಡಿಯ ಬಳಗದ ಸೂಕ್ಷ್ಮ ಕಠಿಣಚರ್ಮಿಗಳು ಮೇಯ್ದವು, ಅವುಗಳನ್ನು ಇನ್ನೂ ದೊಡ್ಡ ಪ್ರಾಣಿಪ್ಲವಕಗಳು ತಿಂದವು. ಸಸ್ಯಪ್ಲವಕಗಳು ಹೀರಿಕೊಂಡ ಇಂಗಾಲ ಗಾಳಿಗೆ ಮರಳದಿರಬೇಕಾದರೆ ಅದು ಆಳಕ್ಕೆ ಇಳಿಯಬೇಕು, ಆದರೆ ಹಾಗೆ ಇಳಿದದ್ದು ಅತ್ಯಲ್ಪ. ಸಾಗರಕ್ಕೆ ಕಬ್ಬಿಣ ಸುರಿದು ಹವಾಮಾನವನ್ನು ಸರಿಪಡಿಸಬಹುದೆಂಬ ವಾದ ನನಗೆ ಆತುರದ್ದಾಗಿ ಕಾಣುವುದು ಈ ಕಾರಣಕ್ಕೇ.